ನೀರು ಕಟ್ಟಿದೆ ಅಂದೆ, ಅಷ್ಟೇ

ನನ್ನ ಜಾಗಕ್ಕೆ ಬಂದ ಹುಡುಗಿ ಆಗಷ್ಟೇ ರೇಡಿಯಾಲಜಿ ಓದಿ ಮುಗಿಸಿದ ಡಾಕ್ಟರು. ಸ್ಕ್ಯಾನಿಂಗ್ ಕೋಣೆಯ ಬೀಗದ ಕೈ ಇಸಿದುಕೊಳ್ಳುತ್ತಲೇ ಕೇಳಿದಳು, ಕೊಳ್ಳೇಗಾಲದಂಥ ಊರಿನಲ್ಲಿ ಇಷ್ಟು ವರ್ಷ ಅದೇ ಬಸಿರು, ಅದೇ ಕಿಡ್ನಿ ಕಲ್ಲು ನೋಡಿ ನೋಡಿ ನಿಮಗೆ ಬೇಜಾರಾಗಲಿಲ್ಲವಾ ಮೇಡಂ, ಎಂದು. ನಾನು ನಿಂತಲ್ಲೇ ಶುರು ಹಚ್ಚಿಕೊಂಡೆ. ನಮ್ಮ ಆಯಾ ಜಯಮ್ಮ ಕಾಫಿ ತಂದಿಟ್ಟಳು, ಅದು ಆರಿತು. ಇನ್ನೊಂದು ತಂದಳು, ಅದೂ ಆರಿತು. ಬೀಳ್ಕೊಡುಗೆಗೆಂದು ಹಾರ ಹಿಡಿದು ಹೊರಗೆ ಕಾದಿದ್ದವರು ಕೊನೆಗೆ ಒಳಗೇ ಬಂದು ನನ್ನನ್ನು ಎಳೆದುಕೊಂಡು ಹೋದರು. ಹೇಳುವುದು ಅರ್ಧಕ್ಕೇ ನಿಂತಿತು. ಉಳಿದ ಅರ್ಧವನ್ನು ಆ ಹುಡುಗಿಗೆ, ಅವಳ ಹಾಗೆ ಈಗ ಈ ಕೆಲಸಕ್ಕೆ ಬರುತ್ತಿರುವವರಿಗೆ, ಇಲ್ಲಿ ಹೇಳಿಬಿಡುತ್ತೇನೆ.

ಬೇಜಾರೇ? ನನಗೆ ಈಗಲೂ ಕನಸಿನಲ್ಲಿ ಪರದೆ ಕಾಣುತ್ತದೆ. ಎದ್ದ ಮೇಲೂ ಬೆರಳು ಗುಂಡಿ ಹುಡುಕುತ್ತಿರುತ್ತದೆ.

ಬಸಿರು, ಕಲ್ಲು, ಅಪೆಂಡಿಕ್ಸು ಎಲ್ಲವನ್ನೂ ಬದಿಗಿಟ್ಟು ಒಂದು ಮೂಲೆಯ ಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದನ್ನು ಯಾರೂ ಹೇಳುವುದಿಲ್ಲ. ಎದೆಯ ಕ್ಯಾನ್ಸರಿಗೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ಆಪರೇಷನ್ ಮಾಡಿಸಿಕೊಂಡು, ಆಮೇಲೆ ಕರೆಂಟು ಕೊಡಿಸಿಕೊಂಡು ಹೆಂಗಸರು ಊರಿಗೆ ವಾಪಸಾಗುತ್ತಾರೆ. ರೇಡಿಯೇಷನ್ನಿಗೆ ನಮ್ಮ ಕಡೆ ಕರೆಂಟು ಎಂದೇ ಹೆಸರು. ಊರಿನವರಿಗೆ ಅಲ್ಲಿಗೆ ಕತೆ ಮುಗಿಯಿತು. ನನಗೆ ಅಲ್ಲಿಂದ ಶುರು. ಕರೆಂಟು ತಗುಲಿದ ಚರ್ಮ ದಪ್ಪಗಾಗುತ್ತದೆ, ಒಳಗಿನ ಕೊಬ್ಬು ಮಂಕಾಗುತ್ತದೆ, ಸ್ನಾಯು ಬಿಗಿಯುತ್ತದೆ, ಕೊಯ್ದ ಜಾಗದಲ್ಲಿ ನೀರು ತುಂಬುತ್ತದೆ, ತೋಳು ಊದುತ್ತದೆ. ಇದೆಲ್ಲ ವಾಸಿಯಾಗುವ ದಾರಿಯಲ್ಲೇ ಬರುವಂಥದ್ದು. ಆದರೆ ಸ್ನಾನ ಮಾಡುವಾಗ ಅಲ್ಲಿ ಕೈಯಾಡಿಸಿದ ಹೆಂಗಸಿಗೆ ಹೇಗೆ ಗೊತ್ತಾಗಬೇಕು? ಗಟ್ಟಿಯಾಗಿ ಏನೋ ಸಿಕ್ಕಿತೆಂದರೆ ಅವಳ ಜೀವ ಬಾಯಿಗೆ ಬರುತ್ತದೆ. ಮತ್ತೆ ಬಂತೇ, ಇಲ್ಲವೇ? ಈ ಒಂದು ಪ್ರಶ್ನೆ ಹಿಡಿದುಕೊಂಡು ಅವಳು ಬಸ್ಸು ಹತ್ತಿ ನಮ್ಮ ಕೋಣೆಗೆ ಬರುತ್ತಾಳೆ.

ಬರುವುದೇ ಒಂದು ಸಾಹಸ. ಅದಕ್ಕೆ ಕಾರಣ ಸ್ಕ್ಯಾನಿಂಗ್ ಎಂಬ ಪದ. ನಮ್ಮ ಸೀಮೆಯಲ್ಲಿ ಸ್ಕ್ಯಾನಿಂಗ್ ಎಂದರೆ ಬಸಿರು, ಬೇರೆ ಅರ್ಥವೇ ಇಲ್ಲ. ಯಳಂದೂರಿನ ಕಡೆಯಿಂದ ನೀಲಮ್ಮ ಎಂಬ ಅಜ್ಜಿ ಬರುತ್ತಿದ್ದರು. ಹಣೆಯ ತುಂಬ ವಿಭೂತಿ, ಮೊಮ್ಮಕ್ಕಳ ಮದುವೆ ಮಾಡಿದ ದೊಡ್ಡ ಮನೆಯ ಯಜಮಾನತಿ. ಎಡ ಎದೆ ತೆಗೆಸಿಕೊಂಡಿದ್ದರು. ಮೊದಲ ಸಲ ಬಂದಾಗ ಸೆರಗನ್ನು ಮೂಗಿನ ತನಕ ಹೊದ್ದು ಮೂಲೆಯಲ್ಲಿ ಕೂತಿದ್ದರು. ಬಸ್ಸಿನಲ್ಲಿ ಪಕ್ಕದವಳು ಎಲ್ಲಿಗೆ ಎಂದಳಂತೆ, ಇವರು ಸ್ಕ್ಯಾನಿಂಗಿಗೆ ಎಂದರಂತೆ, ಮುಗಿಯಿತಲ್ಲ.

"ಬಸ್ನಲ್ಲಿದ್ದೋರೆಲ್ಲಾ ಯಳಂದೂರಿಂದ ಇಲ್ಲಿಗಂಟ ನನ್ ಒಟ್ಟೆನೇ ನೋಡ್ಕಂಡ್ ಬಂದ್ರು ಕಣವ್ವ," ಎಂದರು.

ಆಮೇಲೆ ಗೋಡೆಯ ಮೇಲಿನ ಬೋರ್ಡು ಅವರ ಕಣ್ಣಿಗೆ ಬಿತ್ತು. ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡನ್ನು ಕಾನೂನಿನ ಪ್ರಕಾರ ಎಲ್ಲ ಸ್ಕ್ಯಾನಿಂಗ್ ಕೋಣೆಯಲ್ಲೂ ಹಾಕಲೇಬೇಕು. ಅಜ್ಜಿ ಅದನ್ನು ನಿಧಾನವಾಗಿ ಓದಿ, ನನ್ನ ಕಡೆ ತಿರುಗಿ, ಇದು ನನಗೂ ಸೇರಿಯೇ ಎಂದು ಕೇಳಿದರು. ಜಯಮ್ಮ ನಗು ತಡೆಯಲಾರದೆ ಹೊರಗೆ ಓಡಿದಳು. ಅಜ್ಜಿಯೂ ನಕ್ಕರು. ಸೆರಗು ತಾನಾಗಿ ಕೆಳಗಿಳಿಯಿತು.

ಅವತ್ತಿನಿಂದ ಗುರುವಾರ ಮಧ್ಯಾಹ್ನವನ್ನು ಇಂಥ ಹೆಂಗಸರಿಗೆಂದೇ ಮೀಸಲಿಟ್ಟೆ. ಬಸುರಿಯರ ಸಾಲಿನಲ್ಲಿ ಇವರು ಕೂರಬೇಕಿಲ್ಲ. ಗಂಡಸರು ಬಾಗಿಲ ಹೊರಗೆ ಎಂಬುದು ಜಯಮ್ಮ ತಾನಾಗಿ ಸೇರಿಸಿದ ಕಾಯಿದೆ. ಎಂಥ ದೊಡ್ಡ ಮನುಷ್ಯ ಬಂದರೂ ಅವಳು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ನನಗೂ ಅದು ಸರಿಯೆನಿಸಿತ್ತು.

ಮೆಷಿನ್ನಿನ ವಿಷಯ ಹೇಳದೆ ಮುಂದೆ ಹೋಗಲಾರೆ. ನಾನು ಕೆಲಸಕ್ಕೆ ಸೇರಿದಾಗ ಇದ್ದ ಮೆಷಿನ್ನು ಹೊಟ್ಟೆ ನೋಡಲೆಂದೇ ಹುಟ್ಟಿದ್ದು. ಆಳದ್ದೆಲ್ಲ ಕಾಣುತ್ತಿತ್ತು, ಚರ್ಮದ ಕೆಳಗೇ ಇರುವುದು ಕಾಣುತ್ತಿರಲಿಲ್ಲ. ಎದೆಯ ಮೇಲೆ ಇಟ್ಟರೆ ಮಾಘ ಮಾಸದ ಬೆಳಗಿನ ಮಂಜು. ಬಹಳ ವರ್ಷದ ಮೇಲೆ ಹೊಸ ಮೆಷಿನ್ನು ಬಂತು. ಅದರ ಜೊತೆಯಲ್ಲಿ ಮೇಲುಮೇಲಿನದನ್ನು ಬಿಡಿಸಿ ತೋರಿಸುವ ಚಪ್ಪಟೆ ಪ್ರೋಬು, ಅಂದರೆ ಮೈಮೇಲೆ ಆಡಿಸುವ ಹಿಡಿ, ಬಂತು. ಪ್ಯಾಕಿಂಗಿನ ಥರ್ಮಕೋಲು ನೆಲದಲ್ಲಿ ಬಿದ್ದಿರುವಾಗಲೇ ನನ್ನ ಮುಂಗೈಗೆ ಜೆಲ್ ಸುರಿದುಕೊಂಡು ಪ್ರೋಬು ಇಟ್ಟುಕೊಂಡೆ. ಅಯ್ಯೋ, ಏನು ಹೇಳಲಿ! ಚರ್ಮ ಒಂದು ಬಿಳಿ ಪಟ್ಟಿ, ಅದರ ಕೆಳಗೆ ಕೊಬ್ಬಿನ ಪದರ, ಕೆಳಗೆ ಸ್ನಾಯುವಿನ ಎಳೆ ಎಳೆ. ನನ್ನದೇ ಕೈಯನ್ನು ಹುಟ್ಟಿದಾಗಿನಿಂದ ನೋಡಿರಲೇ ಇಲ್ಲ ಅನ್ನಿಸಿತು. ಜಯಮ್ಮನ ಕೈ ಹಿಡಿದು ಎಳೆದು ಅವಳದ್ದೂ ನೋಡಿದೆ. ಆಸ್ಪತ್ರೆಯ ಡ್ರೈವರನ್ನು ಕರೆಸಿ ಅವನದ್ದೂ ನೋಡಿದೆ. ಜೆಲ್ಲಿನ ಬಾಟಲಿ ಅರ್ಧ ಖಾಲಿಯಾದ ಮೇಲೆ ನಮ್ಮ ಹಿರಿಯ ಡಾಕ್ಟರು ಶಿವಮಲ್ಲಪ್ಪ ಸರ್ ಬಂದು, ಊರಿನವರನ್ನೆಲ್ಲ ಕರೆಸುತ್ತೀಯೋ ಹೇಗೆ ಎಂದು ಕೇಳಿದರು.

ಶಿವಮಲ್ಲಪ್ಪ ಸರ್ ಮಾತು ಕಡಿಮೆ, ಚಾಳೀಸು ಮೂಗಿನ ತುದಿಯಲ್ಲಿ. ಅವರಿಂದ ನಾನು ಕಲಿತ ಮೊದಲ ಪಾಠ ಎರಡೂ ಕಡೆ ನೋಡುವುದು. ನೋವಿರುವ ಕಡೆ ಮಾತ್ರ ನೋಡಿ ರಿಪೋರ್ಟು ಬರೆದರೆ ಅವರು ಅದನ್ನು ಓದದೆ ವಾಪಸು ತಳ್ಳುತ್ತಿದ್ದರು. ಆರೋಗ್ಯವಾಗಿರುವ ಎದೆಯೇ ಆ ಹೆಂಗಸಿನ ಅಳತೆಗೋಲು, ಪುಸ್ತಕದ್ದಲ್ಲ. ಬಲಗಡೆ ಚರ್ಮ ಎಷ್ಟು ದಪ್ಪ, ಎಡಗಡೆ ಎಷ್ಟು ದಪ್ಪ, ಒಂದೇ ಜಾಗ, ಒಂದೇ ಭಂಗಿ.

ಎರಡನೆಯದು ಇಡ್ಲಿ ಪಾಠ. ಒಬ್ಬ ಹೆಂಗಸಿಗೆ ಕರೆಂಟು ಕೊಟ್ಟ ಕಡೆ ಚರ್ಮ ದಪ್ಪವಾಗಿರುವುದು ಬರಿಗಣ್ಣಿಗೇ ಕಾಣುತ್ತಿತ್ತು. ನನ್ನ ಅಳತೆಯಲ್ಲಿ ಮಾತ್ರ ಎರಡೂ ಕಡೆ ಸಮ. ನಾನು ಹಟ ಹಿಡಿದು ಮತ್ತೆ ಮತ್ತೆ ಅಳೆದೆ, ಮತ್ತೆ ಮತ್ತೆ ಸಮ. ಸರ್ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಕ್ಯಾಂಟೀನಿನಿಂದ ಬಿಸಿ ಇಡ್ಲಿ ತರಿಸಿ ನನ್ನ ಮುಂದಿಟ್ಟರು. ತಿನ್ನಲು ಎಂದುಕೊಂಡು ಚಟ್ನಿ ಕೇಳಿದೆ. ಅವರು ಇಡ್ಲಿಯ ಮೇಲೆ ಜೆಲ್ ಹಾಕಿ, ಗುಳಿ ಬೀಳದಂತೆ ಪ್ರೋಬು ಆಡಿಸು ಎಂದರು. ಮೊದಲನೆಯ ಇಡ್ಲಿ ದೋಸೆಯಾಯಿತು. ಆಗ ಅರ್ಥವಾಯಿತು, ನಾನು ಒತ್ತಿ ಒತ್ತಿ ನೀರು ತುಂಬಿದ ಚರ್ಮವನ್ನು ತೆಳ್ಳಗೆ ಮಾಡಿ ಅಳೆಯುತ್ತಿದ್ದೆ. ಪ್ರೋಬು ಮೈಗೆ ತಗುಲಬಾರದು, ಜೆಲ್ಲಿನ ಮೇಲೆ ತೇಲಬೇಕು. ಆ ವಾರವೆಲ್ಲ ಕ್ಯಾಂಟೀನಿನವನು ಡಾಕ್ಟ್ರಮ್ಮನಿಗೆ ಇಡ್ಲಿ ಪ್ಲೇಟಿನಲ್ಲೋ ಟ್ರೇಯಲ್ಲೋ ಎಂದು ಕೇಳಿ ರೇಗಿಸುತ್ತಿದ್ದ. ನಿಮ್ಮಲ್ಲಿ ಯಾರಿಗಾದರೂ ಕೈ ಭಾರವಿದ್ದರೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಈಗ ಆರೋಗ್ಯಮೇರಿಯ ವಿಷಯ. ಇದನ್ನು ಹೇಳಲೆಂದೇ ಇಷ್ಟು ಹೊತ್ತು ಸುತ್ತಿ ಬಳಸಿ ಬಂದೆ.

ಆರೋಗ್ಯಮೇರಿ ಹನೂರು ತಾಲ್ಲೂಕಿನ ಮಾರ್ಟಳ್ಳಿಯವಳು. ಮಾರ್ಟಳ್ಳಿ ದಾಟಿದರೆ ತಮಿಳುನಾಡು. ಆ ಊರಿನ ಬಹುಪಾಲು ಮನೆಗಳಲ್ಲಿ ಮಾತು ತಮಿಳು, ಬಸ್ಸು, ಬ್ಯಾಂಕು, ಶಾಲೆಗೆ ಕನ್ನಡ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಸಂಕೋಚ. ಗಂಡ ಸವರಿಯಪ್ಪ ನಮ್ಮ ಹಾಗೇ ಕನ್ನಡ ಮಾತಾಡುತ್ತಿದ್ದ. ಮಗಳು ಸ್ಟೆಲ್ಲಾ ಹನೂರಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಆರೋಗ್ಯಮೇರಿಗೆ ಎದೆಯಲ್ಲಿ ಗಂಟು ಕಂಡಾಗ ಹತ್ತಿರವೆಂದು ಮೊದಲು ಹೋದದ್ದು ಗಡಿಯಾಚೆಯ ಆಸ್ಪತ್ರೆಗೆ. ಆಮೇಲೆ ಮೈಸೂರಿನಲ್ಲಿ ಆಪರೇಷನ್ನು. ಗಂಟನ್ನು ಮಾತ್ರ ತೆಗೆದು ಎದೆಯನ್ನು ಉಳಿಸಿದ್ದರು. ಕರೆಂಟೂ ಮುಗಿದಿತ್ತು. ಹೊಲಿಗೆಯ ಕೆಳಗೆ ಊದಿಕೊಂಡಿದೆ ಎಂದು ಒಂದು ಗುರುವಾರ ನಮ್ಮಲ್ಲಿಗೆ ಬಂದಳು. ಸವರಿಯಪ್ಪನನ್ನು ಜಯಮ್ಮ ಬಾಗಿಲಲ್ಲೇ ತಡೆದಳು.

ಪ್ರೋಬು ಇಟ್ಟ ಕೂಡಲೇ ನನಗೆ ಖುಷಿಯಾಯಿತು. ಹೊಲಿಗೆಯ ಕೆಳಗೆ ಅಚ್ಚ ಕಪ್ಪು, ದುಂಡಗೆ, ಅಂಚು ನುಣ್ಣಗೆ. ನಮ್ಮ ಪರದೆಯಲ್ಲಿ ಅಂಥ ಕಪ್ಪು ಎಂದರೆ ಬರೀ ನೀರು. ಕೊಯ್ದು ತೆಗೆದ ಜಾಗ ಖಾಲಿ ಉಳಿಯುವುದಿಲ್ಲ, ಮೈಯ ನೀರು ಬಂದು ತುಂಬಿಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತು ತಾನಾಗಿ ಇಂಗುತ್ತದೆ. ನಾನು ಉತ್ಸಾಹದಿಂದ, "ಏನೂ ಇಲ್ಲಮ್ಮ, ನೀರು ಕಟ್ಟಿದೆ, ಅಷ್ಟೇ," ಎಂದೆ.

ಅವಳು ನನ್ನ ಮುಖ ನೋಡಿದಳು. "ಕಟ್ಟಿಯಾ?" ಎಂದಳು.

"ಹೂಂ, ಕಟ್ಟಿದೆ. ಭಯ ಬೇಡ. ಆರು ತಿಂಗಳು ಬಿಟ್ಟು ಬನ್ನಿ," ಎಂದೆ.

ಅವಳು ಎದ್ದು, ರವಿಕೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ನನಗೆ ಕೈಮುಗಿದು ಹೊರಟಳು. ಒಂದು ಮಾತಿಲ್ಲ, ಒಂದು ಪ್ರಶ್ನೆಯಿಲ್ಲ. ಎಷ್ಟು ಧೈರ್ಯದ ಹೆಂಗಸು ನೋಡು ಎಂದು ಜಯಮ್ಮನಿಗೆ ಹೇಳಿದೆ. ರಿಪೋರ್ಟು ಇಂಗ್ಲಿಷಿನಲ್ಲಿತ್ತು, ಸೊಗಸಾಗಿ ಬರೆದಿದ್ದೆ. ಮುಂದಿನ ಹೆಸರು ಕೂಗಿಸಿದೆ.

ಆರು ತಿಂಗಳಾಯಿತು, ಅವಳು ಬರಲಿಲ್ಲ. ಬಾರದವರು ಎಷ್ಟೋ ಜನ, ಕೆಲವರು ಮೈಸೂರಿಗೇ ಹೋಗುತ್ತಾರೆ. ನಾನು ಮರೆತಿದ್ದೆ. ಇನ್ನೂ ಕೆಲವು ತಿಂಗಳ ಮೇಲೆ, ಕ್ರಿಸ್ಮಸ್ಸು ಕಳೆದು ಹೊಸ ವರ್ಷ ಬಂದಿದ್ದ ಒಂದು ಗುರುವಾರ, ಸವರಿಯಪ್ಪ ಒಬ್ಬನೇ ಬಂದ. ಜಯಮ್ಮ ಗಂಡಸರು ಒಳಗೆ ಬರಬಾರದು ಎಂದಳು. ಇವನು ಕದಲಲಿಲ್ಲ. ಎಲ್ಲರದ್ದೂ ಮುಗಿಯುವವರೆಗೂ ಗೋಡೆಗೆ ಒರಗಿ ನಿಂತಿದ್ದು, ಆಮೇಲೆ ಬಾಗಿಲಲ್ಲಿ ಇಣುಕಿದ.

"ಮೇಡಂ, ಒಂದೇ ಮಾತು ಕೇಳ್ಬುಟ್ಟು ಓಯ್ತೀನಿ. ಅವ್ಳು ಈಸ್ಟರ್ ಗಂಟ ಇರ್ತಾಳಾ?"

ಯಾರು, ಎಲ್ಲಿಗೆ, ಏನು ಎಂದು ನನಗೆ ತಿಳಿಯಲಿಲ್ಲ. ಕೂರಿಸಿ ಕೇಳಿದೆ. ನಿಧಾನವಾಗಿ ಹೇಳಿದ. ಹೆಂಡತಿ ಊಟ ಕಡಿಮೆ ಮಾಡಿದ್ದಾಳೆ. ಮತ್ತೆ ಆಪರೇಷನ್ನು, ಕರೆಂಟು ಬೇಡವೆಂದು ನನ್ನ ರಿಪೋರ್ಟನ್ನು ಯಾರಿಗೂ ತೋರಿಸದೆ ಪೆಟ್ಟಿಗೆಗೆ ಹಾಕಿದ್ದಾಳೆ, ಯಾವ ಆಸ್ಪತ್ರೆಗೂ ಹೋಗಿಲ್ಲ. ತನ್ನ ಸೀರೆಗಳನ್ನೆಲ್ಲ ನಾದಿನಿಯರಿಗೆ ಹಂಚಿದ್ದಾಳೆ. ಕಣ್ಣು ಮುಚ್ಚುವುದರೊಳಗೆ ಮಗಳ ಮದುವೆ ನೋಡಬೇಕು ಎನ್ನುವುದೊಂದೇ ಅವಳ ಆಸೆ. ಸೇಲಂ ಕಡೆಯ ಒಂದು ಸಂಬಂಧ ಗೊತ್ತಾಗಿದೆ. ಮಗಳು ಕಾಲೇಜು ಬಿಟ್ಟು ಮನೆಯಲ್ಲಿ ತಾಯಿಯನ್ನು ನೋಡಿಕೊಳ್ಳುತ್ತಿದ್ದಾಳೆ, ಆದರೆ ಪರೀಕ್ಷೆಯನ್ನಾದರೂ ಬರೆಯುತ್ತೇನೆ, ಆಮೇಲೆ ಮದುವೆ ಮಾಡಿ ಎನ್ನುತ್ತಾಳೆ. ಪರೀಕ್ಷೆ ಇರುವುದು ಈಸ್ಟರ್ ಕಳೆದ ಮೇಲೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅವರಲ್ಲಿ ಮದುವೆ ಮಾಡುವುದಿಲ್ಲ. ಹಾಗಾಗಿ ಮಾಡಿದರೆ ತಪಸ್ಸುಕಾಲ ಶುರುವಾಗುವ ಮೊದಲು ಈಗಲೇ, ಇಲ್ಲವೆಂದರೆ ಈಸ್ಟರ್ ಆದ ಮೇಲೆ. ಈಗಲೇ ಎಂದಾದರೆ ಬರುವ ಭಾನುವಾರವೇ ಚರ್ಚಿನಲ್ಲಿ ಮೊದಲ ಓಲೆ ಓದಬೇಕು. ಇಂಥ ಹುಡುಗನಿಗೂ ಇಂಥ ಹುಡುಗಿಗೂ ಮದುವೆ, ಅಭ್ಯಂತರವಿದ್ದವರು ಹೇಳಿ ಎಂದು ಮೂರು ಭಾನುವಾರ ಓದುವುದಕ್ಕೆ ಅವರು ಓಲೆ ಎನ್ನುತ್ತಾರೆ. ಮಗಳ ಪರೀಕ್ಷೆ ಮುಗಿಯುವವರೆಗೆ ತಾಯಿ ಉಳಿಯುತ್ತಾಳೋ ಇಲ್ಲವೋ ಎಂದು ತಿಳಿದುಕೊಳ್ಳಲು ಅವನು ನನ್ನ ಹತ್ತಿರ ಬಂದಿದ್ದ.

"ನಿಮ್ಮ ಹೆಂಡತಿ ಸಾಯುತ್ತಾಳೆ ಅಂತ ಯಾರಪ್ಪ ಹೇಳಿದ್ದು?" ಎಂದೆ.

"ನೀವೇ ಅಲ್ವಾ ಮೇಡಂ. ಮತ್ತೆ ಕಟ್ಟಿ ಅಂದ್ರಂತೆ."

ಕಂಪ್ಯೂಟರಿನಲ್ಲಿ ಹಳೆಯ ಚಿತ್ರ ತೆಗೆದೆ. ಅದೇ ಅಚ್ಚ ಕಪ್ಪು, ಅದೇ ನುಣ್ಣನೆಯ ಅಂಚು. ನಾನು ಹಾಗೆ ಹೇಳಲೇ ಇಲ್ಲ, ನೀರು ಕಟ್ಟಿದೆ ಅಂದೆ, ಅಷ್ಟೇ ಎಂದೆ.

"ಅದೇಯಾ ಮೇಡಂ. ಕಟ್ಟಿ."

ಆಗ ತಲೆಯಲ್ಲಿ ದೀಪ ಹತ್ತಿತು. ತಮಿಳಿನಲ್ಲಿ ಕಟ್ಟಿ ಎಂದರೆ ಗಡ್ಡೆ. ಗಡಿಯಾಚೆಯ ಆಸ್ಪತ್ರೆಯಲ್ಲಿ ಮೊಟ್ಟಮೊದಲು ಅವಳ ಎದೆ ಮುಟ್ಟಿ ನೋಡಿದ ಡಾಕ್ಟರು ಹೇಳಿದ್ದೂ ಅದೇ ಪದ. ಆ ಪದದ ಹಿಂದೆಯೇ ಆಪರೇಷನ್ನು, ಕೀಮೋ, ಕರೆಂಟು, ಉದುರಿದ ಕೂದಲು ಎಲ್ಲ ಬಂದಿತ್ತು. ನಾನು ನಗುನಗುತ್ತಾ ಅದನ್ನೇ ಇನ್ನೊಮ್ಮೆ ಹೇಳಿ, ಭಯ ಬೇಡ ಎಂದು ಸಮಾಧಾನವನ್ನೂ ಮಾಡಿ ಕಳಿಸಿದ್ದೆ! ಸಾಯುವವರಿಗೆ ಡಾಕ್ಟರುಗಳು ಹಾಗೆ ತಾನೇ ಹೇಳುವುದು. ಧೈರ್ಯದ ಹೆಂಗಸು ಎಂದು ನಾನು ಹೊಗಳಿದ್ದೆನಲ್ಲ, ಅವಳು ಆಗಲೇ ಮನಸ್ಸಿನಲ್ಲಿ ತನ್ನ ಸೀರೆಗಳನ್ನು ಹಂಚುತ್ತಿದ್ದಳು.

ನನಗೆ ನಗು ಬಂತು, ಕೂಗಬೇಕೆನಿಸಿತು, ಈಗಲೇ ಜೀಪು ಹತ್ತಿ ಮಾರ್ಟಳ್ಳಿಗೆ ಹೋಗಿಬಿಡೋಣ ಎನಿಸಿತು. ಅವಳಿಗೆ ಏನೂ ಆಗಿಲ್ಲಪ್ಪ, ಬರೀ ನೀರು, ಓಲೆ ಗೀಲೆ ಏನೂ ಬೇಡ ಎಂದು ಹೇಳಲು ಬಾಯಿ ತೆರೆದೆ. ಸವರಿಯಪ್ಪ ನನ್ನ ಕಡೆ ನೋಡಲಿಲ್ಲ. ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದ.

"ಆಗ ಮೆತ್ತಗಿತ್ತು ಮೇಡಂ. ಈಗ ಕಲ್ಲಾಗೈತೆ."

ತೆರೆದ ಬಾಯಿ ಮುಚ್ಚಿಕೊಂಡೆ. ನೀರು ಇದ್ದ ಜಾಗದಲ್ಲಿ ಕಲ್ಲು. ಇಷ್ಟು ತಿಂಗಳು ಯಾರೂ ನೋಡಿಲ್ಲ. ಪದ ತಪ್ಪಾಗಿ ಕೇಳಿಸಿತು ಎಂದ ಮಾತ್ರಕ್ಕೆ ರೋಗ ಬಂದಿಲ್ಲ ಎಂದೇನೂ ಅಲ್ಲ. ನಾಳೆ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಬಾ ಎಂದೆ. ಅದೇ ಮಾತು ಇನ್ನೊಂದು ಸಲ ಕೇಳಲು ಅವಳನ್ನು ಯಾಕೆ ಬಸ್ಸಿನಲ್ಲಿ ಕುಲುಕಾಡಿಸುವುದು ಎಂದು ಅವನು ಹಿಂದೆಮುಂದೆ ನೋಡಿದ. ಮಗಳೂ ಬರಲಿ, ಮಗಳು ನನ್ನ ಕೋಣೆಯೊಳಗೇ ನಿಲ್ಲಲಿ ಎಂದು ಪಟ್ಟು ಹಿಡಿದೆ.

ಶುಕ್ರವಾರ ಮೂವರೂ ಬಂದರು. ಆರೋಗ್ಯಮೇರಿ ಬಡವಾಗಿದ್ದಳು. ಎಡಗೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ನಡೆಯುತ್ತಿದ್ದಳು. ಆಪರೇಷನ್ ಆದವರು ದಿನಾ ಕೈ ಎತ್ತಿ ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಮಾಡಬೇಕು. ಸಾಯುವವಳಿಗೆ ವ್ಯಾಯಾಮ ಯಾಕೆ ಎಂದು ಬಿಟ್ಟಿದ್ದಳು. ಸ್ಟೆಲ್ಲಾ ತಾಯಿಯ ತಲೆಯ ಹತ್ತಿರ ನಿಂತಳು. ಸಣ್ಣ ಮುಖ, ಗಟ್ಟಿ ಹುಡುಗಿ, ಕಣ್ಣು ಪರದೆಯ ಮೇಲೆಯೇ.

ಮೊದಲು ಕೈಯಿಂದ ಮುಟ್ಟಿದೆ. ಸವರಿಯಪ್ಪ ಹೇಳಿದ್ದು ನಿಜ. ಗಟ್ಟಿ, ಅಲುಗದು, ಮೇಲಿನ ಚರ್ಮವನ್ನು ಒಳಗೆ ಎಳೆದುಕೊಂಡಿತ್ತು. ಇದೇ ಲಕ್ಷಣವನ್ನು ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವು, ಕ್ಯಾನ್ಸರಿನ ಲಕ್ಷಣವೆಂದು.

ಬಲಗಡೆಯಿಂದ ಶುರು ಮಾಡಿದೆ. ತೆಳುವಾದ ಚರ್ಮ, ನಿರ್ಮಲವಾದ ಕೊಬ್ಬು. ಇನ್ನು ಎಡಗಡೆ. ಚರ್ಮ ದಪ್ಪ, ಕೊಬ್ಬು ಮಂಕು, ಕರೆಂಟು ತಗುಲಿದವರಿಗೆ ಇರುವ ಹಾಗೆಯೇ. ಹೊಲಿಗೆಯ ಕೆಳಗೆ ಬಂದೆ. ಹಳೆಯ ಕಪ್ಪು ಇರಲಿಲ್ಲ. ಅದರ ಜಾಗದಲ್ಲಿ ಒರಟು ಅಂಚಿನ ಬೂದು ಬಣ್ಣದ ಒಂದು ಮುದ್ದೆ, ಅದರ ಹಿಂದೆ ಉದ್ದ ನೆರಳು. ನೋಡಿದರೆ ಯಾರಾದರೂ ಗಡ್ಡೆ ಎನ್ನುವಂಥ ಚಿತ್ರ. ಪ್ರೋಬನ್ನು ಕಾಲು ಸುತ್ತು ತಿರುಗಿಸಿದೆ.

ಮುದ್ದೆ ಮಾಯ! ಒಂದು ಗೀಟು ಮಾತ್ರ ಉಳಿಯಿತು. ಮತ್ತೆ ತಿರುಗಿಸಿದೆ, ಮುದ್ದೆ. ಮತ್ತೆ ತಿರುಗಿಸಿದೆ, ಗೀಟು. ಗಡ್ಡೆಯನ್ನು ಯಾವ ಕಡೆಯಿಂದ ನೋಡಿದರೂ ಅದು ಗಡ್ಡೆಯೇ. ಗಾಯ ಮಾಗಿದ ಜಾಗ ಹಾಗಲ್ಲ, ಮಡಿಸಿದ ಬಟ್ಟೆಯ ಹಾಗೆ ಒಂದು ಕಡೆಯಿಂದ ಅಗಲ, ಇನ್ನೊಂದು ಕಡೆಯಿಂದ ತೆಳ್ಳಗೆ. ಆ ಗೀಟನ್ನೇ ಹಿಡಿದು ಮೇಲೆ ಹೋದೆ, ನೇರವಾಗಿ ಹೊಲಿಗೆಯ ಗುರುತಿಗೆ ಹೋಗಿ ಮುಟ್ಟಿತು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಗುಂಡಿ ಒತ್ತಿದೆ. ಒಳಗೆ ಒಂದು ಚುಕ್ಕೆ ಬಣ್ಣವೂ ಇಲ್ಲ. ಪಕ್ಕದಲ್ಲಿ ಸತ್ತ ಕೊಬ್ಬು ಎಣ್ಣೆಯಾಗಿ ನಿಂತ ಒಂದು ಪುಟ್ಟ ಗುಳ್ಳೆ. ಹಳೆಯ ಚಿತ್ರವನ್ನು ಪಕ್ಕಕ್ಕೆ ಎಳೆದು ಹೋಲಿಸಿದೆ. ನೀರು ಇಂಗಿ, ಗೋಡೆಗಳು ಕೂಡಿಕೊಂಡು, ಅಂದಿನದರ ಅರ್ಧಕ್ಕಿಂತ ಕಡಿಮೆಯಾಗಿತ್ತು. ನನಗೆ ಕುಣಿಯಬೇಕೆನಿಸಿತು. ಈ ಕೆಲಸದಲ್ಲಿ ಬೇಜಾರಾಗಲಿಲ್ಲವಾ ಎಂದು ಕೇಳುವವರು ಆ ಕಾಲು ಸುತ್ತನ್ನು ಒಂದು ಸಲ ನೋಡಬೇಕು.

ಆಮೇಲೆ ಕಂಕುಳು. ಪ್ರೋಬು ಇಟ್ಟುಕೊಂಡೇ ಕೈ ಎತ್ತಲು ಹೇಳಿದೆ. ಬಲಗಡೆ ಸ್ನಾಯುವಿನ ಪದರಗಳು ಒಂದರ ಮೇಲೊಂದು ಸಲೀಸಾಗಿ ಜಾರಿದವು. ಎಡಗಡೆ ಎಲ್ಲ ಅಂಟಿಕೊಂಡು ಒಟ್ಟಿಗೇ ಎಳೆದಾಡಿದವು. ಇದು ಸಾವಲ್ಲ, ವ್ಯಾಯಾಮ ಬಿಟ್ಟಿದ್ದರ ಫಲ.

ಆದರೆ ಹೇಳುವುದು ಹೇಗೆ? ಬಾಯಿಗೆ ಬಂದ ಕನ್ನಡವನ್ನು ನಂಬುವ ಧೈರ್ಯ ನನಗಿರಲಿಲ್ಲ. ಗಾಯ ಮಾಗಿದ ಗುರುತಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ ಎಂದು ಸ್ಟೆಲ್ಲಾಳನ್ನು ಕೇಳಿದೆ. ಅವಳು ಮೊಣಕೈಯ ಹಳೆಯ ಗಾಯದ ಕಲೆ ತೋರಿಸಿ ತಳುಂಬು ಎಂದಳು. ನಾನು ಆರೋಗ್ಯಮೇರಿಯ ಕಡೆ ಬಗ್ಗಿ, ಅವಳ ಹೊಲಿಗೆಯ ಮೇಲೆ ಬೆರಳಿಟ್ಟು, ಕಟ್ಟಿ ಇಲ್ಲೆ, ತಳುಂಬು ಎಂದೆ. ಅವಳು ನಂಬಲಿಲ್ಲ. ಮಗಳನ್ನು ನೋಡಿದಳು. ಮಗಳು ಅದನ್ನೇ ಇನ್ನೊಮ್ಮೆ ಹೇಳಿದಳು. ಅವಳು ಆಗಲೂ ನಂಬಲಿಲ್ಲ. ಒಮ್ಮೆ ನನ್ನ ಮಾತಿನಿಂದ ಸತ್ತವಳು ಇನ್ನೊಮ್ಮೆ ನನ್ನ ಮಾತಿನಿಂದಲೇ ಬದುಕಬೇಕು ಎಂದರೆ ಹೇಗೆ?

ಅದೂ ಅಲ್ಲದೆ ನನ್ನ ಕಣ್ಣಿಗೆ ತಳುಂಬಾಗಿ ಕಂಡದ್ದು ನೂರಕ್ಕೆ ನೂರು ಅದೇ ಎಂದು ಬರೆದುಕೊಡಲು ನನಗೆ ಸಾಧ್ಯವಿರಲಿಲ್ಲ. ಇಷ್ಟು ತಿಂಗಳು ಯಾರೂ ನೋಡದ ಗಟ್ಟಿ ಜಾಗ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಲೇಬೇಕು, ಅದು ಮೈಸೂರಿನಲ್ಲಿ. ಫಲಿತಾಂಶ ಬರಲು ವಾರ ದಾಟುತ್ತದೆ. ಸವರಿಯಪ್ಪನನ್ನು ಒಳಗೆ ಕರೆಸಿ, ಜಯಮ್ಮನ ಕಾಯಿದೆ ಮುರಿದು, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಕೇಳಿದ್ದು ಒಂದೇ.

"ಅಂಗಾರೆ ಭಾನುವಾರದ ಓಲೆ ನಿಲ್ಸ್ಲಾ ಮೇಡಂ?"

ನಿಲ್ಲಿಸು ಎಂದು ನಾಲಿಗೆಯ ತುದಿಯಲ್ಲಿತ್ತು. ಸ್ಟೆಲ್ಲಾ ನನ್ನನ್ನೇ ನೋಡುತ್ತಿದ್ದಳು. ಗಡ್ಡೆ ಇಲ್ಲ ಎಂದು ಮೈಸೂರಿನವರು ಹೇಳುವವರೆಗೆ ನಾನು ನಿಲ್ಲಿಸು ಎನ್ನಲಾರೆ ಎಂದೆ. ಹೊರಗೆ ಹೋಗುವಾಗ ಜಯಮ್ಮ ಆ ಹುಡುಗಿಯನ್ನು, ನಿಂಗೆ ಇಷ್ಟಾನಾ ಮೊಗ ಈ ಮದುವೆ ಎಂದು ಕೇಳಿದಳಂತೆ. ಅಮ್ಮ ನೋಡಲಿ ಅಂತ ಒಪ್ಪಿಕೊಂಡೆ ಎಂದಳಂತೆ ಅವಳು.

ಆ ಭಾನುವಾರ ಮೊದಲ ಓಲೆ ಓದಿದರು. ಸೋಮವಾರ ಮೈಸೂರಿನಲ್ಲಿ ಸೂಜಿ ಹಾಕಿದರು. ಮುಂದಿನ ಭಾನುವಾರ ಎರಡನೆಯ ಓಲೆಯೂ ಆಯಿತು. ನಾನು ದಿನಾ ಮೈಸೂರಿಗೆ ಫೋನು ಮಾಡಿ ಅಲ್ಲಿಯ ಲ್ಯಾಬಿನವರ ತಲೆ ತಿಂದೆ. ಮನೆಯಲ್ಲಿ ಸಾರಿಗೆ ಉಪ್ಪು ಹಾಕಲು ಮರೆತೆ, ಹಾಕಿದ್ದು ಮರೆತು ಮತ್ತೆ ಹಾಕಿದೆ. ನನ್ನ ಕಣ್ಣು ತಪ್ಪಿದ್ದರೆ? ಕುಣಿಯುವ ಖುಷಿಯಲ್ಲಿ ಏನಾದರೂ ನೋಡದೆ ಬಿಟ್ಟಿದ್ದರೆ? ಹಳೆಯ ಮತ್ತು ಹೊಸ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಪ್ರತಿ ಸಲವೂ ತಳುಂಬೇ. ಆದರೂ ಧೈರ್ಯ ಬರಲಿಲ್ಲ.

ಗುರುವಾರ ಅವರೇ ಮೈಸೂರಿನಿಂದ ರಿಪೋರ್ಟು ಇಸಿದುಕೊಂಡು, ದಾರಿಯಲ್ಲಿ ಕೊಳ್ಳೇಗಾಲದಲ್ಲಿ ಇಳಿದು, ಮೂವರೂ ನಮ್ಮ ಕೋಣೆಗೆ ಬಂದರು. ಲಕೋಟೆ ತೆರೆದೇ ಇರಲಿಲ್ಲ. ಮೈಸೂರಿನಲ್ಲಿ ಯಾರೋ ಏನೋ ಹೇಳಿದ್ದರಂತೆ. ಆರೋಗ್ಯಮೇರಿ ಕಿವಿ ಮುಚ್ಚಿಕೊಂಡು ಹೊರಗೆ ಬಂದಿದ್ದಳಂತೆ, ಆ ಡಾಕ್ಟ್ರಮ್ಮನ ಹತ್ತಿರವೇ ಕೇಳುತ್ತೇನೆ ಎಂದು. ಲಕೋಟೆ ಹರಿದೆ. ಗಾಯದ ಕಲೆ, ಸತ್ತ ಕೊಬ್ಬು, ಕ್ಯಾನ್ಸರಿನ ಕಣ ಎಲ್ಲಿಯೂ ಇಲ್ಲ.

ಕಟ್ಟಿ ಇಲ್ಲೆ ಎಂದೆ. ತಳುಂಬು ಎಂದೆ. ಆಮೇಲೆ ನನ್ನ ತಮಿಳು ಮುಗಿದುಹೋಯಿತು, ಕನ್ನಡವೂ ಮುಗಿದುಹೋಯಿತು. ಅವಳ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಡಾಕ್ಟರುಗಳು ಅಳಬಾರದು ಎಂದು ನಮಗೆ ಹೇಳಿಕೊಟ್ಟಿದ್ದರು. ಜಯಮ್ಮನೂ ಅಳುತ್ತಿದ್ದಳು. ಸವರಿಯಪ್ಪ ಫಾದರಿಗೆ ಫೋನು ಮಾಡಲು ಹೊರಗೆ ಹೋದ. ಗಂಡಿನ ಕಡೆಯವರಿಗೆ ಕೋಪ ಬರುತ್ತದೆ, ಬರಲಿ, ನಾನು ಮಾತಾಡುತ್ತೇನೆ ಎಂದು ಹೇಳುತ್ತಿದ್ದುದು ಬಾಗಿಲಿನಿಂದ ಕೇಳಿಸುತ್ತಿತ್ತು.

ಆರೋಗ್ಯಮೇರಿ ಮಾತ್ರ ಅಳಲಿಲ್ಲ. ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ನನಗೆ ಅವಳ ಆ ಮೌನ ಗೊತ್ತಿತ್ತು, ಒಮ್ಮೆ ಅದನ್ನು ಧೈರ್ಯ ಎಂದುಕೊಂಡು ಮೋಸಹೋಗಿದ್ದೆ. ಈ ಸಲ ಅವಳನ್ನು ಕಳಿಸಲಿಲ್ಲ, ಮುಂದಿನ ಹೆಸರು ಕೂಗಿಸಲೂ ಇಲ್ಲ. ಅರ್ಥವಾಯಿತಾ, ನಾನು ಹೇಳಿದ್ದು ಏನು, ನೀವೇ ಹೇಳಿ ಎಂದು ಕೇಳಿದೆ. ಈ ಕೆಲಸಕ್ಕೆ ಬರುವವರು ಪ್ರೋಬು ಒರೆಸಿ ಇಡುವ ಮೊದಲು ಆ ಪ್ರಶ್ನೆಯನ್ನೂ ಕೇಳುವುದು ಒಳ್ಳೆಯದು.

ಅವಳು ಮಗಳ ಕಡೆ ತಿರುಗಿದಳು. ತಿಂಗಳುಗಳಿಂದ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ, ಎರಡು ಓಲೆಗಳನ್ನು ತಲೆ ತಗ್ಗಿಸಿ ಕೇಳಿದ ಮಗಳು. ಅವಳ ಜಡೆಯಿಂದ ಬಿಡಿಸಿಕೊಂಡಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿ, ತಮ್ಮ ಮನೆಯ ಮಾತಿನಲ್ಲೇ ಹೇಳಿದಳು.

"ನಾಳೆಕ್ಕು ಕಾಲೇಜುಕ್ಕು ಪೋ."